ಮುಚ್ಚಿದ ರಸ್ತೆಯ ಹೌದು ಗೆರೆ

2025ರ ಜನವರಿ 28, ಮಂಗಳವಾರ. ಬೆಳಿಗ್ಗೆ ಒಂಬತ್ತು ಮುಕ್ಕಾಲಕ್ಕೆ ಹಿರೀಸಾವೆಯ ತೇಜಶ್ರೀ ಎರಡು ಬಸ್ಸು ಬದಲಿಸಿ ಅರಕಲಗೂಡು ಪೊಲೀಸ್ ಠಾಣೆಗೆ ಬಂದಳು. ಕೈಯಲ್ಲಿ ಎರಡು ಪುಟದ ದೂರು ಇತ್ತು. ಇನ್‌ಸ್ಪೆಕ್ಟರ್ ನೇತ್ರಾ ಅದನ್ನು ನಿಂತುಕೊಂಡೇ ಓದಲು ಶುರು ಮಾಡಿ, ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದರು.

ತೇಜಶ್ರೀಯ ಗಂಡ ಅಶೋಕ, ವಯಸ್ಸು 31. ಹಿರೀಸಾವೆಯ ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚುವವನು. ಚನ್ನರಾಯಪಟ್ಟಣದ ‘ಏರುದಾರಿ ಸೈಕಲ್ ಬಳಗ’ದ ಸದಸ್ಯ. ಜನವರಿ 23ರ ಗುರುವಾರ ಬಳಗದ ನಾಲ್ವರು ಘಾಟಿ ಸವಾರಿಗೆ ಹೊರಟಿದ್ದರು. ಹಾಸನ, ಸಕಲೇಶಪುರದ ಮೇಲೆ ಹೋಗಿ ಬಿಸಿಲೆ ಘಾಟಿ ಇಳಿದು, ಸಂಪಾಜೆ ಘಾಟಿ ಹತ್ತಿ, ನಾಲ್ಕನೆಯ ದಿನ ಮಡಿಕೇರಿಯಿಂದ ಅರಕಲಗೂಡು, ಹೊಳೆನರಸೀಪುರದ ಮಾರ್ಗವಾಗಿ ಊರಿಗೆ ಮರಳುವುದು. ಆ ನಾಲ್ಕನೆಯ ದಿನ, ಭಾನುವಾರ, ಕೊಡ್ಲಿಪೇಟೆ ದಾಟಿ ಅರಕಲಗೂಡು ತಾಲ್ಲೂಕಿನೊಳಕ್ಕೆ ಬಂದ ಮೇಲೆ, ಕಾಮಗಾರಿಗಾಗಿ ಮುಚ್ಚಿದ್ದ ರಸ್ತೆಯೊಂದರಲ್ಲಿ ಅಗೆದಿದ್ದ ಮೋರಿಗೆ ಅಶೋಕ ಬಿದ್ದಿದ್ದ. ಸೊಂಟದ ಮೂಳೆ, ಬಲತೊಡೆಯ ಮೂಳೆ ಎರಡೂ ಮುರಿದಿದ್ದವು.

ಹೆಡ್ ಕಾನ್‌ಸ್ಟೆಬಲ್ ಚನ್ನಪ್ಪ ಭಾನುವಾರದ ಕಡತ ತೆಗೆದರು. “ಅಲ್ಲ ಕಣಮ್ಮ, ಇದು ಸ್ವಯಂ ಅಪಘಾತ ಅಂತ ನಿಮ್ಮೋರೇ ಬರ್ಕೊಟ್ಟವ್ರಲ್ಲ.”

“ನಮ್ಮೋರು ಅಂದ್ರೆ ಯಾರು ಸಾ?”

“ಸಿದ್ದೇಶ್ವರ ಅನ್ನೋರು. ಬಳಗದ ಮುಖಂಡ್ರು.”

ತೇಜಶ್ರೀ ಮೊಬೈಲ್ ತೆಗೆದು ನೇತ್ರಾ ಮುಂದೆ ಹಿಡಿದಳು. ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಭಾನುವಾರ ರಾತ್ರಿ ಸಿದ್ದೇಶ್ವರ ಹಾಕಿದ್ದ ಸಂದೇಶ: “ಎಲ್ಲರಿಗಿಂತ ಮೊದಲು ಮುಟ್ಟುವ ಆಸೆಗೆ ಅಶೋಕ ಗುರುತು ಬಿಟ್ಟು ಅಡ್ಡದಾರಿ ಹಿಡಿದು ಬಿದ್ದಿದ್ದಾನೆ. ನಿಯಮದಂತೆ ಈ ವರ್ಷದ ಸವಾರರ ಪಟ್ಟಿಯಿಂದ ಅವನ ಹೆಸರು ತೆಗೆದಿದೆ. ಬೇಗ ಗುಣವಾಗಲಿ.” ಕೆಳಗೆ ಇಪ್ಪತ್ತಮೂರು ಜನ ಕೈಮುಗಿದಿದ್ದರು. ಒಬ್ಬರೂ ಪ್ರಶ್ನೆ ಕೇಳಿರಲಿಲ್ಲ.

“ಕಾಲು ಏನಾಯ್ತದೋ ಡಾಕ್ಟ್ರಿಗೇ ಗೊತ್ತಿಲ್ಲ ಮೇಡಂ. ಅದ್ರ ಮೇಲೆ ಕಳ್ಳದಾರಿ ಹಿಡ್ದ ಅಂತ ಹೆಸ್ರು ಬೇರೆ. ಬಾಣದ ಗುರುತು ನೋಡ್ಕಂಡೇ ಓದೆ ಅಂತವ್ರೆ. ಆಪರೇಸನ್ ಆಗಿ ಎಚ್ರ ಬಂದ್ಮೇಲೆ ಆಡಿದ ಮೊದಲ್ನೇ ಮಾತೇ ಅದು.”

“ಯಾರ ಮೇಲಾದರೂ ಅನುಮಾನ ಇದೆಯಾ?”

“ನಂಗೈತೆ. ಅವ್ರಿಗಿಲ್ಲ. ಸಿದ್ದಣ್ಣನ ಹೆಸ್ರು ಬರೀಬ್ಯಾಡ ಅಂತ ಆಣೆ ಹಾಕುಸ್ಕಂಡವ್ರೆ.”

10.30ಕ್ಕೆ ಅಪರಿಚಿತರ ವಿರುದ್ಧ, ಅಜಾಗರೂಕತೆಯಿಂದ ಪ್ರಾಣಾಪಾಯ ತಂದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 125ರ ಅಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 1.15ಕ್ಕೆ ನೇತ್ರಾ ತೇಜಶ್ರೀಯೊಂದಿಗೆ ಹಾಸನದ ಆಸ್ಪತ್ರೆಯಲ್ಲಿದ್ದರು. ಅಶೋಕನ ಕಾಲನ್ನು ಮಂಚದ ತುದಿಗೆ ಭಾರ ಕಟ್ಟಿ ಎಳೆದಿಟ್ಟಿದ್ದರು. ಹೇಳಿಕೆ ಬರೆದುಕೊಳ್ಳಲು ಕಾನ್‌ಸ್ಟೆಬಲ್ ದೇವರಾಜು ಸ್ಟೂಲಿನ ಮೇಲೆ ಕೂತ. ನೇತ್ರಾ ಬಾಯಿ ತೆರೆಯುವ ಮೊದಲೇ ಅಶೋಕ ಕೇಳಿದ.

“ಮೇಡಂ, ನನ್ನ ಹಿಂದೆ ಸೈಕಲ್ಲಲ್ಲಿ ಬತ್ತಿದ್ದ ರಜನೀಶ್ ಸರ್, ಬಸಣ್ಣ ಯಾರೂ ಬೀಳ್ಲಿಲ್ಲ ತಾನೆ? ಎಲ್ರೂ ಬರೀ ಸರಿಹೋಯ್ತದೆ ಅಂತಾರೆ, ಇದಕ್ಕೆ ಉತ್ರ ಹೇಳಾಕಿಲ್ಲ.”

“ಬಿದ್ದಿಲ್ಲ. ಅವರ್ಯಾಕೆ ಬೀಳಬೇಕು?”

“ಬಾಣ ಆ ಕಡೇನೆ ಇತ್ತಲ್ಲ. ನನ್ನ ಹಿಂದೆ ಅವರೂ ಬತ್ತಾರೆ ಅಂತ ಗುಂಡಿವೊಳಗೆ ಬಿದ್ಕಂಡೇ ಕೂಗ್ತಾ ಇದ್ದೆ. ಬರ್ಬ್ಯಾಡಿ, ಮೋರಿ ಕಿತ್ತಾಕವ್ರೆ, ಬರ್ಬ್ಯಾಡಿ ಅಂತ. ಗಂಟ್ಲು ಓಗೋಗಂಟ ಕೂಗ್ದೆ.”

“ಯಾವ ಬಾಣ?”

ಅಶೋಕ ವಿವರಿಸಿದ. ಬಿಸಿಲೆ, ಸಂಪಾಜೆಯ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಬಳಗದವರು ಹಿಂದಿನಿಂದಲೂ ಸೀಮೆಸುಣ್ಣದ ಗುರುತನ್ನೇ ನಂಬಿದ್ದಾರೆ. ದಿನಕ್ಕೊಬ್ಬ ಗುರುತುಗಾರ. ಅವನು ಇಪ್ಪತ್ತು ನಿಮಿಷ ಮೊದಲು ಹೊರಟು, ಪ್ರತಿ ಕವಲಿನಲ್ಲೂ ರಸ್ತೆಯ ಮೇಲೆ ಬಾಣ ಬರೆಯುತ್ತಾ ಹೋಗುತ್ತಾನೆ. ಎಲ್ಲರಿಗಿಂತ ಕೊನೆಯ ಸವಾರ ಅದನ್ನು ಬೂಟಿನಲ್ಲಿ ಅಳಿಸುತ್ತಾ ಬರುತ್ತಾನೆ.

“ಬಾಣ ಯಾರಾದರೂ ಹುಡುಗಾಟಕ್ಕೆ ತಿದ್ದಿರಬಹುದಲ್ಲ?”

“ತಿದ್ಬೋದು. ಅದ್ಕೇ ಹೌದು ಗೆರೆ ಅಂತ ಒಂದು ಇಟ್ಕಂಡಿದ್ದೀವಿ. ಕವಲು ದಾಟಿ ನೂರು ಹೆಜ್ಜೆಗೆ, ಎಡಗಡೆ ಅಂಚಲ್ಲಿ ಎರಡು ಅಡ್ಡ ಗೆರೆ. ಅದು ಕಂಡ್ರೆ ಹೌದು, ದಾರಿ ಸರಿ. ಕಾಣ್ದಿದ್ರೆ ವಾಪಸ್ ತಿರುಗ್ಬೇಕು. ಹೊರಗಿನೋರಿಗೆ ಅದು ಗೊತ್ತೇ ಇಲ್ಲ.”

“ಆ ದಿನ ಗೆರೆ ಇತ್ತಾ?”

“ಇತ್ತು. ರಸ್ತೆ ಬಾಯಲ್ಲಿ ಎರಡು ಡ್ರಮ್ ಇಟ್ಟಿದ್ರು, ಅದ ನೋಡಿ ಅನುಮಾನ ಬಂತು. ಆದ್ರೆ ಗಾಡಿ ಕಾಟ ಇರಲ್ಲ ಅಂತ ಸಿದ್ದಣ್ಣ ಇಂಥ ಬಂದಾದ ರಸ್ತೇಲಿ ಎಷ್ಟೋ ಸಲ ಕರ್ಕಂಡೋಗವ್ರೆ. ಗೆರೆ ಕಂಡ್ಮೇಲೆ ಬ್ರೇಕಿಂದ ಕೈ ತೆಗ್ದೆ. ಇಳಿಜಾರು. ತಿರುವು ದಾಟಿದ್ರೆ ರಸ್ತೇನೇ ಇಲ್ಲ.”

“ಆ ದಿನದ ಗುರುತುಗಾರ ಯಾರು?”

ಅಶೋಕ ಹೆಂಡತಿಯ ಕಡೆ ನೋಡಿದ. “ಸಿದ್ದಣ್ಣ. ಆದ್ರೆ ಅವ್ರಲ್ಲ ಮೇಡಂ. ನನ್ನ ಸೈಕಲ್ ಕೊಟ್ಟೋರೇ ಅವ್ರು. ಘಾಟಿ ಹತ್ತೋವಾಗ ಉಸಿರು ಹೆಂಗೆ ಹಿಡೀಬೇಕು ಅಂತ ಹೇಳ್ಕೊಟ್ಟೋರು.”

ಸಂಜೆ ನಾಲ್ಕಕ್ಕೆ ಸ್ಥಳ ಪಂಚನಾಮೆ. ಕವಲಿನಲ್ಲಿ ಎಡಕ್ಕೆ ಅರಕಲಗೂಡಿನ ಡಾಂಬರು ರಸ್ತೆ, ಬಲಕ್ಕೆ ಇಳಿಜಾರಿನ ಹಳೆಯ ರಸ್ತೆ. ಬಲಗಡೆಯ ಬಾಯಲ್ಲಿ ಎರಡು ತಗಡಿನ ಡ್ರಮ್ಮುಗಳಿದ್ದವು, ನಡುವೆ ಸೈಕಲ್ ನುಗ್ಗುವಷ್ಟು ಜಾಗವಿತ್ತು. ‘ರಸ್ತೆ ಮುಚ್ಚಿದೆ’ ಎಂಬ ಫಲಕ ಚರಂಡಿಯಲ್ಲಿ ಮಗುಚಿ ಬಿದ್ದು ತುಕ್ಕು ಹಿಡಿದಿತ್ತು. ಅದು ಬಿದ್ದು ತಿಂಗಳಾಯಿತೆಂದು ಇಬ್ಬರು ಪಂಚರೂ ಹೇಳಿದರು. ಕವಲಿನ ಡಾಂಬರಿನ ಮೇಲೆ ಬಿಳಿ ಬಿಳಿಯಾಗಿ ಏನೋ ಉಜ್ಜಿದ ಕಲೆಯಿತ್ತು. ನೇತ್ರಾ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಕಲೆ ಒಂದಲ್ಲ, ಮೂರು ಗೇಣು ಅಂತರದಲ್ಲಿ ಎರಡು ಇದ್ದವು.

ಬಲಗಡೆಯ ರಸ್ತೆಯಲ್ಲಿ ದೇವರಾಜು ಹೆಜ್ಜೆ ಎಣಿಸುತ್ತಾ ಇಳಿದ. ತೊಂಬತ್ತಾರು, ತೊಂಬತ್ತೇಳು. ನಿಂತ.

“ಮೇಡಂ, ಇಲ್ಲೈತೆ.”

ಎಡ ಅಂಚಿನಲ್ಲಿ ಎರಡು ಅಡ್ಡ ಗೆರೆಗಳು. ವಾಹನವಾಗಲಿ ಮಳೆಯಾಗಲಿ ಮುಟ್ಟದೆ ಹಾಗೇ ಉಳಿದಿದ್ದವು. ಅದಕ್ಕೆ ಮಾರು ದೂರದಲ್ಲಿ ಟಾರ್ಪಾಲಿನ ಮೇಲೆ ರಾಗಿ ಹರವಿಕೊಂಡು ಹೆಂಗಸೊಬ್ಬರು ಕೂತಿದ್ದರು. ಪಕ್ಕದ ಹಳ್ಳಿಯ ಹೊನ್ನಕ್ಕ. ಭಾನುವಾರ ಅಶೋಕನನ್ನು ಮೊದಲು ಕಂಡು ಜನರನ್ನು ಕೂಗಿ ಕರೆದವರು.

“ಈ ಗೆರೆ ಯಾವಾಗಿನದು ಹೊನ್ನಕ್ಕ?”

“ಅದಾ? ಭಾನ್ವಾರದ್ದು ಕಣವ್ವ. ಬೆಳಿಗ್ಗೆ ರಾಗಿ ಹರ್ವಾಗ ಇರ್ನಿಲ್ಲ. ಉಣ್ಣಾಕೆ ಮನೆಗೋಗಿ ಮಜ್ಜಾನ ಬಂದ್ಮೇಲೆ ಕಣ್ಗೆ ಬಿತ್ತು. ಪೈಪ್ನೋರು ಅಗ್ಯಾಕೆ ಗುರ್ತು ಮಾಡವ್ರೇನೋ, ನನ್ ರಾಗಿ ಎತ್ಸ್ತಾರೆ ಅಂದ್ಕಂಡೆ.”

“ಅಳಿಸಬೇಕು ಅನ್ನಿಸಲಿಲ್ವಾ?”

“ಸರ್ಕಾರದ ಗೆರೆ ಅಳ್ಸಿ ಟೇಸನ್ ಮೆಟ್ಲು ಹತ್ತನಾ? ನೀವೊಳ್ಳೆ!”

ಚನ್ನಪ್ಪ ನಕ್ಕರು. “ಈಗ ಟೇಸನ್ನೇ ನಿನ್ನ ತಾವ ಬಂತಲ್ಲವ್ವ.”

“ಬರ್ಲಿ, ರಾಗಿ ತುಳೀದಂಗೆ ನಿಂತ್ಕಳ್ಳಿ. ಆ ಕಾಲು ತೆಗೀರಿ ಮೊದ್ಲು.”

ಗೆರೆಯ ಅಳತೆ, ಫೋಟೊ, ವಿಡಿಯೊ ತೆಗೆದು, ಸುಣ್ಣದ ಪುಡಿಯನ್ನು ಕೆರೆದು ಲಕೋಟೆಗೆ ಹಾಕಿ ಪಂಚರ ಸಮಕ್ಷಮ ಮೊಹರು ಮಾಡಿದರು. 5.40ಕ್ಕೆ ಪಂಚನಾಮೆ ಮುಗಿಯಿತು. ಜೀಪಿನಲ್ಲಿ ಚನ್ನಪ್ಪ ಪಂಚನಾಮೆಯ ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ, “ಗೆರೆ ಇಲ್ದಿದ್ರೆ ಆ ಹುಡ್ಗ ವಾಪಸ್ ತಿರುಗ್ತಿದ್ದ ಅಲ್ವಾ ಮೇಡಂ?” ಎಂದರು. ನೇತ್ರಾ ಹೂಂ ಅಂದರು. ಇದು ಬೇಕೆಂದೇ ಮಾಡಿದ್ದು, ಕಲಂ ಬದಲಾಗಬೇಕೆಂಬುದು ಇಬ್ಬರಿಗೂ ಗೊತ್ತಾಗಿತ್ತು.

29ರ ಬುಧವಾರ ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ಉಳಿದಿಬ್ಬರು ಸವಾರರ ವಿಚಾರಣೆ ನಡೆಯಿತು. ಕಾಲೇಜು ಉಪನ್ಯಾಸಕ ರಜನೀಶ್ ಆ ದಿನದ ಕೊನೆಯ ಸವಾರ. ಟೈಲ್ಸ್ ಕೆಲಸದ ಬಸವರಾಜುವಿಗೆ ಮಂಡಿ ನೋವಿದ್ದುದರಿಂದ ಇಬ್ಬರೂ ದಿನವಿಡೀ ಜೊತೆಯಲ್ಲೇ ಬಂದಿದ್ದರು.

“ಕವಲಲ್ಲಿ ಬಾಣ ಯಾವ ಕಡೆ ಇತ್ತು?”

“ಎಡಕ್ಕೆ ಮೇಡಂ,” ಎಂದರು ರಜನೀಶ್. “ಇಬ್ಬರೂ ನೋಡಿದ್ದೀವಿ. ಎಡಗಡೆ ಹೌದು ಗೆರೆಯೂ ಇತ್ತು. ಎರಡನ್ನೂ ನಾನೇ ಅಳಿಸಿದೆ.”

“ಕವಲಲ್ಲಿ ಎಷ್ಟು ಬಾಣ ಅಳಿಸಿದಿರಿ?”

“ಒಂದು.”

“ಅಲ್ಲಿ ಎರಡು ಕಲೆ ಇವೆ.”

ರಜನೀಶ್ ಕನ್ನಡಕ ತೆಗೆದು ಒರೆಸಿಕೊಂಡರು. “ಹೌದು, ಪಕ್ಕದಲ್ಲಿ ಮೊದಲೇ ಏನೋ ಉಜ್ಜಿತ್ತು. ಸಿದ್ದಣ್ಣ ತಪ್ಪು ಬರೆದು ತಿದ್ದಿರಬೇಕು ಅಂದುಕೊಂಡೆ.”

“ಅದನ್ನ ಭಾನುವಾರ ಯಾರಿಗೂ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.”

“ಗುರುತುಗಾರನನ್ನ ಹೇಗೆ ಆರಿಸ್ತೀರಿ?”

ಉತ್ತರ ಕೊಟ್ಟವನು ಬಸವರಾಜು. “ಹಿಂದಿನ ದಿನ ಘಾಟಿಲಿ ನೆಲಕ್ಕೆ ಕಾಲೂರ್ದಂಗೆ ಮೊದ್ಲು ಮೇಲೆ ಬಂದೋರಿಗೆ ಸೀಮೆಸುಣ್ಣ. ಏಳು ವರ್ಸದಿಂದ ಸಿದ್ದಣ್ಣನ ಕೈಲೇ ಐತೆ. ಈ ಸಲ ಅಶೋಕಂಗೆ ಬತ್ತದೆ ಅಂದ್ಕಂಡಿದ್ವಿ. ಇಲ್ಲ, ಸಂಪಾಜೇಲಿ ಸಿದ್ದಣ್ಣ ನನ್ಗಿಂತ ಮುಂದಿದ್ರು ಅಂತ ಅಶೋಕನೇ ಅಂದ.”

ಅದೇ ಹೊತ್ತಿಗೆ ದೇವರಾಜು ಕೊಡ್ಲಿಪೇಟೆಯಲ್ಲಿ ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡುತ್ತಿದ್ದ. ಭಾನುವಾರ 10.12ಕ್ಕೆ ಸಿದ್ದೇಶ್ವರ ಹಾದುಹೋಗಿದ್ದ. 10.31ಕ್ಕೆ ಅಶೋಕ. 10.58ಕ್ಕೆ ರಜನೀಶ್ ಮತ್ತು ಬಸವರಾಜು. ಸಾಮಾನಿನ ವ್ಯಾನ್ ಓಡಿಸುತ್ತಿದ್ದ ರವೀಂದ್ರ ಅರಕಲಗೂಡಿನಲ್ಲಿ ಊಟಕ್ಕೆ ವ್ಯವಸ್ಥೆ ಮಾಡಿಕೊಂಡು ಕಾದಿದ್ದ. ಸಿದ್ದೇಶ್ವರ ಬಂದಿಳಿದಾಗ ಅವನು ತೆಗೆದ ಫೋಟೊದಲ್ಲಿ ಸಮಯ 11.39. ಸಿದ್ದೇಶ್ವರನಂಥ ಸವಾರನಿಗೆ ಆ ದಾರಿ ಮುಕ್ಕಾಲು ಗಂಟೆಯದು, ಅವನು ಒಂದೂವರೆ ಗಂಟೆ ತೆಗೆದುಕೊಂಡಿದ್ದ.

30ರ ಗುರುವಾರ ಬೆಳಿಗ್ಗೆ 11ಕ್ಕೆ ನೇತ್ರಾ, ಚನ್ನಪ್ಪ ಹೊಳೆನರಸೀಪುರದಲ್ಲಿದ್ದ ಸಿದ್ದೇಶ್ವರನ ಹಾರ್ಡ್‌ವೇರ್ ಅಂಗಡಿಗೆ ಹೋದರು. ಸಿದ್ದೇಶ್ವರನಿಗೆ ನಲವತ್ತಾರು ವರ್ಷ, ಬಿಗಿ ಮೈಕಟ್ಟು. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಯ ಮೇಲೆ ಏಳು ವರ್ಷದ ಏಳು ಫೋಟೊಗಳು, ಏಳರಲ್ಲೂ ಅವನೇ ನಡುವೆ. ಎಲ್ಲದರಲ್ಲೂ ಹೆಗಲ ಮೇಲೆ ಸೈಕಲ್ ಎತ್ತಿಕೊಂಡಿದ್ದ. ಅವನ ತಂದೆ ನಂಜಯ್ಯ ಒಳಗಿನಿಂದ ಕುರ್ಚಿ ತರಿಸಿದರು.

“ಅಶೋಕ ಹೆಂಗವ್ನೆ ಮೇಡಂ? ನಾಳೆ ನೋಡೋಕೆ ಹೋಗೋಣ ಅಂತಿದ್ದೆ.”

“ಭಾನುವಾರ ಕೊಡ್ಲಿಪೇಟೆಯಿಂದ ಅರಕಲಗೂಡಿಗೆ ಒಂದೂವರೆ ಗಂಟೆ ಯಾಕಾಯ್ತು?”

“ಪಂಕ್ಚರ್ ಆಗಿತ್ತು.”

“ಯಾವ ಚಕ್ರ?”

“ಹಿಂದಿಂದು.”

“ಟ್ಯೂಬ್ ಬದಲಾಯಿಸಿದಿರಾ?”

“ಹೂಂ.”

“ಪಂಕ್ಚರ್ ಆದ ಟ್ಯೂಬ್ ಎಲ್ಲಿದೆ?”

“ದಾರೀಲೇ ಎಸೆದೆ.”

ಚನ್ನಪ್ಪ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಬಳಿ ನಿಂತಿದ್ದರು. ಪಕ್ಕದ ಅಂಗಡಿಯವರಿಬ್ಬರನ್ನು ಪಂಚರಾಗಿ ಕರೆದು ಸೀಟಿನ ಕೆಳಗಿನ ಚೀಲ ಬಿಚ್ಚಿಸಿದರು. ಒಳಗೆ ಒಂದೇ ಒಂದು ಹೊಸ ಟ್ಯೂಬು, ಅಂಗಡಿಯ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಸವಾರಿಗೆ ಮುಂಚೆ ಪ್ರತಿ ಚೀಲಕ್ಕೂ ಒಂದೊಂದೇ ಟ್ಯೂಬ್ ಹಾಕಿದ್ದನ್ನು, ವ್ಯಾನಿನ ಪೆಟ್ಟಿಗೆಯಲ್ಲಿದ್ದ ಆರು ಟ್ಯೂಬುಗಳನ್ನು ಯಾರೂ ಮುಟ್ಟದ್ದನ್ನು ರವೀಂದ್ರ ಹಿಂದಿನ ದಿನವೇ ಹೇಳಿದ್ದ. ಚೀಲದ ಮೂಲೆಯಲ್ಲಿ ಸೀಮೆಸುಣ್ಣದ ತುಂಡೂ ಸಿಕ್ಕಿತು.

“ಸಾ, ಪಂಕ್ಚರ್ ಟ್ಯೂಬ್ ಎಸ್ಯೋರಾ ನೀವು?” ಎಂದರು ಚನ್ನಪ್ಪ. “ಅಂಗ್ಡೀಲಿ ತುಕ್ಕಿಡಿದ ಮೊಳೇನೂ ತೂಕ ಹಾಕಿ ಮಾರ್ತೀರಿ.”

ಸಿದ್ದೇಶ್ವರ ತಂದೆಯ ಕಡೆ ನೋಡಲಿಲ್ಲ. “ಠಾಣೆಗೆ ಹೋಗಿ ಮಾತಾಡೋಣ್ವಾ?” ಎಂದ. ಹೊರಡುವ ಮುಂಚೆಯೇ ನಂಜಯ್ಯ ಮೊಬೈಲ್ ಕೈಗೆತ್ತಿಕೊಂಡಿದ್ದರು. ಅರಕಲಗೂಡು ತಲುಪುವುದರೊಳಗೆ ನೇತ್ರಾ ಅವರ ಮೊಬೈಲಿಗೆ ನಾಲ್ಕು ಕರೆ ಬಂದವು. ನಾಲ್ಕನೆಯದು ಅವರ ಸೋದರಮಾವನದು. “ನಮ್ಮೋರ ಹುಡುಗ, ನೋಡ್ಕೊಂಡು ಮಾಡು” ಎಂದಷ್ಟೇ ಹೇಳಿದರು. ನೇತ್ರಾ “ನೋಡ್ಕೊಂಡೇ ಮಾಡ್ತಿದ್ದೀನಿ ಮಾವ” ಎಂದು ಕರೆ ಮುಗಿಸಿದರು.

ಠಾಣೆಯಲ್ಲಿ 12.50ಕ್ಕೆ ವಿಚಾರಣೆ ಶುರುವಾಯಿತು. ನೇತ್ರಾ ಮೇಜಿನ ಮೇಲೆ ಫೋಟೊ ಒಂದನ್ನಿಟ್ಟರು. ಡಾಂಬರಿನ ಅಂಚು, ಎರಡು ಅಡ್ಡ ಗೆರೆ, ಒಂದು ಮೂಲೆಯಲ್ಲಿ ರಾಗಿಯ ಟಾರ್ಪಾಲು.

ಸಿದ್ದೇಶ್ವರ ಅದನ್ನು ನೋಡಿದ ಮೇಲೆ ಸುತ್ತುಬಳಸಲಿಲ್ಲ.

ವಾರದ ಹಿಂದೆ ದಾರಿ ನೋಡಲು ಬಂದಾಗ ಕಿತ್ತ ಮೋರಿಯನ್ನು ಕಂಡಿದ್ದ. ಆಗ ಮನಸ್ಸಿನಲ್ಲಿ ಏನೂ ಇರಲಿಲ್ಲವಂತೆ. ಭಾನುವಾರ ಬಲಕ್ಕೆ ಬಾಣ ಬರೆದ, ಇಳಿದು ಹೌದು ಗೆರೆ ಎಳೆದ. ವಾಪಸ್ ಹತ್ತಿ ಬಂದು ನೀಲಗಿರಿ ಮರಗಳ ಹಿಂದೆ ನಿಂತ. ಅಶೋಕ ಬಾಣ ನೋಡಿ ಬಲಕ್ಕೆ ತಿರುಗಿದ. ಆಮೇಲೆ ಬಾಣ ಉಜ್ಜಿ, ಎಡಕ್ಕೆ ಹೊಸದು ಬರೆದು, ಆ ಕಡೆಯೂ ಹೌದು ಗೆರೆ ಎಳೆದ.

“ಕೆಳಗಿನ ಗೆರೆ ಯಾಕೆ ಅಳಿಸಲಿಲ್ಲ?”

“ಅಳಿಸೋಕೆ ಅಂತಾನೆ ಇಳಿದೆ ಮೇಡಂ. ಹತ್ತು ಹೆಜ್ಜೆ ಹಾಕಿರಬೇಕು. ಕೂಗು ಕೇಳ್ತು.”

“ಏನಂತ?”

ಅವನು ಫೋಟೊವನ್ನು ಮಗುಚಿಟ್ಟು ಹೇಳಿದ. “ಬರ್ಬ್ಯಾಡಿ ಅಂತ. ಸಿದ್ದಣ್ಣಾ, ನೀನೂ ಬಿದ್ದಿದ್ದೀಯಾ, ಎಲ್ಲಿದ್ದೀಯಾ ಅಂತ. ಮುಂದಕ್ಕೆ ಕಾಲು ಬರಲಿಲ್ಲ. ಸೈಕಲ್ ಹತ್ತಿ ಹೊರಟುಬಿಟ್ಟೆ.”

“ಅರಕಲಗೂಡಿಗೆ ಬಂದವರು ಆಂಬುಲೆನ್ಸಿಗಾದರೂ ಹೇಳಬಹುದಿತ್ತು.”

“ಊಟಕ್ಕೆ ಕೂತೆ.”

ದೇವರಾಜುವಿನ ಪೆನ್ನು ನಿಂತಿತು. ನೇತ್ರಾ ಕೈಸನ್ನೆ ಮಾಡಿದ ಮೇಲೆ ಮುಂದುವರಿಸಿದ.

“ಯಾಕೆ ಮಾಡಿದಿರಿ?”

ಕಾರಣ ಹಿಂದಿನ ದಿನದ್ದು. ಶನಿವಾರ ಸಂಪಾಜೆ ಘಾಟಿಯ ನಡುವೆ ಸಿದ್ದೇಶ್ವರನ ತೊಡೆ ಹಿಡಿದುಕೊಂಡಿತ್ತು. ಸೈಕಲ್ಲಿನಿಂದ ಇಳಿದು ಮೂರು ತಿರುವು ತಳ್ಳಿಕೊಂಡು ನಡೆದಿದ್ದ. ಮೇಲಿನ ತಿರುವಿನಲ್ಲಿ ಅಶೋಕ ನಿಂತು ನೋಡುತ್ತಿದ್ದ. ಮಾತಾಡಲಿಲ್ಲ. ಪಕ್ಕಕ್ಕೆ ಸರಿದು ಇವನನ್ನು ಮುಂದೆ ಬಿಟ್ಟು, ಮಡಿಕೇರಿಯವರೆಗೂ ಹಿಂದೆಯೇ ನಿಧಾನಕ್ಕೆ ಬಂದ. ಸಂಜೆ ಎಲ್ಲರೂ ಸೇರಿದಾಗ, ಸಿದ್ದಣ್ಣ ಕಾಲೂರಲೇ ಇಲ್ಲ, ನನಗಿಂತ ಮುಂದೆ ಇದ್ದರು ಎಂದ. ಚಪ್ಪಾಳೆ ತಟ್ಟಲು ಶುರು ಮಾಡಿದವನೂ ಅವನೇ. ಸೀಮೆಸುಣ್ಣ ಮತ್ತೆ ಸಿದ್ದೇಶ್ವರನ ಕೈಗೆ ಬಂತು.

“ಇದ್ದದ್ದು ಹೇಳಿದ್ದಿದ್ರೆ ಸೋತೆ ಅಂತ ಒಪ್ಕೊಂಡು ಮಲಗ್ತಿದ್ದೆ,” ಎಂದ ಸಿದ್ದೇಶ್ವರ. “ಪೆಡಲ್ ತುಳಿಯೋಕೆ ಹೇಳಿಕೊಟ್ಟವನು ನಾನು. ನಾನು ಬಿಟ್ಟ ಸೈಕಲ್ಲಲ್ಲಿ ಓಡಾಡ್ತಿದ್ದವನು. ನನ್ನ ಮಾನ ಅವನ ಕೈಲಿ ಉಳೀಬೇಕಾಯ್ತಲ್ಲ ಮೇಡಂ. ಇನ್ನು ಇರೋವರೆಗೂ ಅವನ ಮುಖ ನೋಡಿದಾಗೆಲ್ಲ...”

“ರಜನೀಶ್ ನಿಮ್ಮ ಪರವಾಗಿ ಅದೇ ಸುಳ್ಳು ಹೇಳಿದ್ದರೆ? ಆಗಲೂ ಆ ಗೆರೆ ಎಳೀತಿದ್ರಾ?”

ಸಿದ್ದೇಶ್ವರ ತಲೆಯೆತ್ತಿ ನೇತ್ರಾ ಅವರನ್ನು ನೋಡಿದ. ನೀವೂ ನಮ್ಮ ಜಾತಿಯವರೇ, ಕೇಳಬಾರದಿತ್ತು ಎನ್ನುವ ನೋಟ. ಉತ್ತರದ ಜಾಗದಲ್ಲಿ ‘ಮೌನವಾಗಿದ್ದರು’ ಎಂದು ದೇವರಾಜು ಬರೆದುಕೊಂಡ.

ಮಧ್ಯಾಹ್ನ 3.20ಕ್ಕೆ ಸಿದ್ದೇಶ್ವರನನ್ನು ಬಂಧಿಸಿದರು. ಕೊಲೆ ಯತ್ನದ ಕಲಂ 109 ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು.

ಮರುದಿನ ಪೂರಕ ಹೇಳಿಕೆ ಪಡೆಯಲು ನೇತ್ರಾ ಮತ್ತೆ ಹಾಸನಕ್ಕೆ ಹೋದಾಗ ಅಶೋಕನ ಮಂಚದ ಪಕ್ಕ ರಜನೀಶ್ ಮೂಸಂಬಿಯ ಚೀಲ ಹಿಡಿದು ನಿಂತಿದ್ದರು. ವಿಷಯ ಎಲ್ಲರಿಗೂ ಗೊತ್ತಾಗಿತ್ತು. ತೇಜಶ್ರೀ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು. ಬಳಗದ ಗುಂಪಿನಲ್ಲಿ ಹಳೆಯ ಸಂದೇಶ ಅಳಿಸಿದ್ದೇವೆ, ಹೆಸರು ಮತ್ತೆ ಸೇರಿಸಿದ್ದೇವೆ ಎಂದು ರಜನೀಶ್ ಎರಡನೆಯ ಸಲ ಹೇಳಿದರು.

ಸಂಪಾಜೆಯ ಸಂಗತಿ ನಿಜವೇ ಎಂದು ನೇತ್ರಾ ಕೇಳಿದರು.

“ನಿಜ ಮೇಡಂ. ಅಣ್ಣ ತಳ್ಕಂಡು ಬರೋದು ನೋಡಿ ಪಕ್ಕಕ್ಕೆ ಸರ್ದೆ. ನಾಲ್ಕು ಜನ್ರ ಮುಂದೆ ಯಾಕೆ ಆಡ್ಬೇಕು ಅಂತ ಸುಮ್ಕಾದೆ.” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ಮಾತ್ರ ರಜನೀಶರ ಮೇಲಿತ್ತು. “ಸಿದ್ದಣ್ಣಂಗೆ ಏನೋ ಒಂದು ಕಾರಣ ಇತ್ತು. ಸರ್, ನಾಲ್ಕು ವರ್ಸ ನಿಮ್ಮ ಹಿಂದೆ ಮುಂದೆ ತುಳ್ದಿದ್ದೀನಿ. ಒಂದು ಕಿಲೋಮೀಟ್ರು ಕದ್ದಿದ್ದು ನೋಡಿದ್ರಾ?”

“ಇಲ್ಲ ಅಶೋಕ.”

“ಮತ್ತೆ ನೀವು ಯಾಕೆ ನಂಬಿದ್ರಿ?”

ರಜನೀಶ್ ಮೂಸಂಬಿಯ ಚೀಲವನ್ನು ನೆಲದ ಮೇಲಿಟ್ಟರು. ನೇತ್ರಾ ಹೇಳಿಕೆಯ ಕಾಗದ ತೆಗೆದು, ಮಂಚದ ಅಂಚಿನಲ್ಲಿಟ್ಟು, ಅಶೋಕನ ಕೈಗೆ ಪೆನ್ನು ಕೊಟ್ಟರು.